ಬಿರುಸಕ್ಕ ಕಾಯಲು ಕಲಿತದ್ದು

ಆಸ್ಪತ್ರೆಯ ಲಾಂಡ್ರಿಯಲ್ಲಿ ಅವಳನ್ನು ಎಲ್ಲರೂ ಬಿರುಸಕ್ಕ ಎಂದೇ ಕರೆಯುತ್ತಿದ್ದರು. ಬೇರೆಯವರು ಒಂದು ಹಾಸಿಗೆ ಬಟ್ಟೆ ಮಡಚುವಷ್ಟರಲ್ಲಿ ಅವಳು ಎರಡು ಮಡಚಿ, ಕಟ್ಟು ಕಟ್ಟಿ, ತಿರುಗಿಯೂ ನೋಡದೆ ಹಿಂದಕ್ಕೆ ಎಸೆದುಬಿಡುತ್ತಿದ್ದಳು. ಕಪಾಟಿನ ಬಳಿ ನಿಂತ ನಾದಿನಿ ಅದನ್ನು ಹಿಡಿದು ಜೋಡಿಸುತ್ತಿದ್ದಳು. ಹತ್ತೊಂಬತ್ತು ವರ್ಷಗಳಲ್ಲಿ ಒಂದು ಕಟ್ಟೂ ಕೆಳಗೆ ಬಿದ್ದಿಲ್ಲ ಎಂದರೆ ಸುಳ್ಳಾದೀತು. ಒಂದು ಬಿದ್ದಿತ್ತು, ಅದೂ ಸೋಪಿನ ನೀರಿನ ತೊಟ್ಟಿಗೆ.

ಅದೇ ಕೈ ಅವಳನ್ನು ಡಿಸ್ಕ್ ಗಾಲ್ಫಿಗೂ ಎಳೆಯಿತು. ಊಟದ ತಟ್ಟೆಗಿಂತ ಚಿಕ್ಕದಾದ ಪ್ಲಾಸ್ಟಿಕ್ ಡಿಸ್ಕನ್ನು ಎಸೆಯುತ್ತ ಹೋಗಿ, ಕಂಬದಿಂದ ಸರಪಳಿ ಇಳಿಬಿಟ್ಟ ಬುಟ್ಟಿಗೆ ಬೀಳಿಸುವ ಆಟ ಅದು. ಹದಿನೆಂಟು ಬುಟ್ಟಿ ಮುಗಿಸುವಾಗ ಯಾರ ಎಸೆತ ಕಡಿಮೆಯೋ ಅವರು ಮುಂದೆ. ಆಸ್ಪತ್ರೆಯ ಹಿಂದಿನ ಬಯಲಿನಲ್ಲಿ ಅವಳ ಡಿಸ್ಕು ಹಾರಿದಷ್ಟು ದೂರ ಗಂಡಸರದೂ ಹಾರುತ್ತಿರಲಿಲ್ಲ.

ಆದರೆ ವರ್ಷಕ್ಕೊಮ್ಮೆಯ ದೊಡ್ಡ ಪಂದ್ಯ ಬಯಲಿನಲ್ಲಲ್ಲ, ಗುಡ್ಡದ ಕಾಡಿನಲ್ಲಿ. ಮರಗಳ ನಡುವೆ ಬಾಗಿಲಿನಷ್ಟು ಅಗಲದ ಸಂದು, ಅದರಾಚೆ ಇಳಿಜಾರು. ಮೊದಲ ದಿನ ಅರವತ್ತು ಜನ ಆಡಿದರೆ ಎರಡನೆಯ ದಿನಕ್ಕೆ ಉಳಿಯುವವರು ಇಪ್ಪತ್ತೇ. ಐದು ವರ್ಷ ಬಿರುಸಕ್ಕ ಮೊದಲ ದಿನವೇ ಮನೆಗೆ ಬಂದಿದ್ದಳು. ಹೊಡೆದ ಏಟೆಲ್ಲ ಮರಕ್ಕೆ.

ಮರವಾದರೂ ಪರವಾಗಿಲ್ಲ, ಕಾಯುವುದನ್ನು ಮಾತ್ರ ಅವಳಿಂದ ಸಹಿಸಲಾಗುತ್ತಿರಲಿಲ್ಲ. ಆಟಗಾರರು ಮೂವರು ಮೂವರ ತಂಡವಾಗಿ ಒಬ್ಬರ ಹಿಂದೊಬ್ಬರು ಸಾಗಬೇಕು; ಮುಂದಿನ ತಂಡದವರು ಪೊದೆಯಲ್ಲಿ ಡಿಸ್ಕು ಹುಡುಕುವಾಗ ಹಿಂದೆ ಮೂರು ತಂಡ ಸಾಲುಗಟ್ಟಿ ನಿಲ್ಲಬೇಕು. ಒಂದು ಸುತ್ತು ಮುಗಿಯಲು ಐದೂವರೆ ಗಂಟೆ. ಅಷ್ಟರಲ್ಲಿ ಅವಳ ಕೈ ತಣ್ಣಗಾಗಿ, ತಲೆ ಬಿಸಿಯಾಗಿರುತ್ತಿತ್ತು.

"ಕುಕ್ಕರ್ ಕೂಗೋಕೆ ಮುಂಚೆ ಮುಚ್ಚಳ ತೆಗೆಯೋರು ನೀವು," ಎಂದಳು ನಾದಿನಿ. "ನಿಮಗ್ಯಾಕೆ ಅತ್ತಿಗೆ ಈ ಆಟ?"

"ಆರನೇ ಸಲ ಹೋಗ್ತೀನಿ. ಇಪ್ಪತ್ತರೊಳಗೆ ಬರ್ತೀನಿ. ನೋಡ್ತಿರು."

ಆ ವರ್ಷ ಅವಳು ದೂರ ಹಾರುವ ಡಿಸ್ಕುಗಳನ್ನೆಲ್ಲ ಚೀಲದಿಂದ ತೆಗೆದು ಮಂಚದಡಿಗೆ ತಳ್ಳಿದಳು. ಉಳಿದದ್ದು ನಿಧಾನವಾಗಿ, ನೇರವಾಗಿ ಹೋಗುವ ನಾಲ್ಕು ಮಾತ್ರ. ರಜೆಯ ದಿನ ಲಾಂಡ್ರಿಯ ಹಿಂದೆ ಬಟ್ಟೆ ಒಣಗಿಸುವ ಹಗ್ಗಕ್ಕೆ ಎರಡು ಹಾಸಿಗೆ ಬಟ್ಟೆ ಹಾಕಿ, ನಡುವೆ ಒಂದು ಬಾಗಿಲಿನಷ್ಟು ಸಂದು ಬಿಟ್ಟು ಅದರಲ್ಲಿ ಎಸೆದಳು. ಕಾಯುವುದನ್ನೂ ಅಭ್ಯಾಸ ಮಾಡಿದಳು. ಒಗೆಯುವ ಯಂತ್ರ ಶುರುವಾದಾಗ ಕೂತರೆ, ಅದು ನಿಂತ ಮೇಲೆಯೇ ಏಳುವುದು. ನಲವತ್ತು ನಿಮಿಷ ಸುಮ್ಮನೆ ಕೂತು, ತಣ್ಣಗಾದ ಕೈಯಿಂದ ಒಂದೇ ಒಂದು ಎಸೆತ. ಬಟ್ಟೆಗೆ ತಾಗಿದರೆ ಇನ್ನೊಂದು ಅವಕಾಶವಿಲ್ಲ, ಮತ್ತೆ ನಲವತ್ತು ನಿಮಿಷ.

"ಹೀಗೆ ಕೆಲಸ ಮಾಡಿದ್ರೆ ರೋಗಿಗಳೆಲ್ಲ ಬರೀ ಮಂಚದ ಮೇಲೆ ಮಲಗಬೇಕಿತ್ತು," ಎಂದು ನಾದಿನಿ ನಕ್ಕಳು. ಆದರೂ ಪಂದ್ಯದ ದಿನ ಚೀಲ ಹೊತ್ತು ಜೊತೆಗೆ ಬಂದವಳು ಅವಳೇ.

ಅವಳ ತಂಡದಲ್ಲಿ ಇನ್ನಿಬ್ಬರಿದ್ದರು, ಒಬ್ಬರು ಡ್ರಾಯಿಂಗ್ ಮೇಷ್ಟ್ರು, ಇನ್ನೊಬ್ಬ ಬೀಗ ರಿಪೇರಿಯವನು. ಅಂಕಗಳನ್ನು ಬರೆಯುವುದು ಮೇಷ್ಟ್ರ ಪಾಲಿಗೆ ಬಂದಿತ್ತು. ಹದಿಮೂರು ಬುಟ್ಟಿ ಮುಗಿಯುವಷ್ಟರಲ್ಲಿ ಬಿರುಸಕ್ಕ ಒಂದೇ ಒಂದು ಮರಕ್ಕೆ ಹೊಡೆದಿದ್ದಳು. ಹೀಗೇ ಹೋದರೆ ಇಪ್ಪತ್ತರೊಳಗೆ ಖಂಡಿತ ಎಂದು ಬೀಗದವನೂ ಹೇಳಿದ.

ಹದಿನಾಲ್ಕರಲ್ಲಿ ಮುಂದೆ ಎರಡು ತಂಡ ಕಾಯುತ್ತಿದ್ದವು. ಬಿರುಸಕ್ಕ ಬೇರಿನ ಮೇಲೆ ಕೂತಳು. ಅರ್ಧ ಗಂಟೆ ಕಳೆಯಿತು. ಹತ್ತು ಹೆಜ್ಜೆ ಆಚೆ ನಿಂತಿದ್ದ ಮೇಷ್ಟ್ರು, "ಅಮ್ಮಾ, ನಿಮ್ಮ ಕಾಲ ಹತ್ರ ಇರೋ ನೀಲಿ ಡಿಸ್ಕು ನಂದು, ಸ್ವಲ್ಪ ಕೊಡ್ತೀರಾ?" ಎಂದರು. ಅವಳ ಕೈ ಅದನ್ನೆತ್ತಿ, ಕಣ್ಣು ಹಾಯಿಸುವ ಮೊದಲೇ ಎಸೆದಿತ್ತು. ಮೇಷ್ಟ್ರು ಹಿಡಿದೂ ಆಗಿತ್ತು.

ಆಗ ಅವಳಿಗೆ ನಿಯಮ ನೆನಪಾಯಿತು. ಸುತ್ತು ನಡೆಯುವಾಗ ಆಟದ್ದಲ್ಲದ ಎಸೆತ ಐದು ಮೀಟರು ದಾಟಿದರೆ ಅದು ಅಭ್ಯಾಸದ ಎಸೆತ. ಲೆಕ್ಕಕ್ಕೆ ಒಂದು ಎಸೆತದ ದಂಡ.

"ಬರ್ಕೊಳ್ಳಿ ಮೇಷ್ಟ್ರೇ. ನನಗೊಂದು."

"ಅಯ್ಯೋ, ನಾನು ಕೇಳಿದೆ, ನೀವು ಕೊಟ್ರಿ. ಅದೂ ಒಂದು ಎಸೆತಾನಾ? ಬಿಡಿ."

"ನಾನಂತೂ ಏನೂ ನೋಡಿಲ್ಲಪ್ಪ," ಎಂದು ಬೀಗದವನು ಆಕಾಶ ನೋಡಿದ.

"ನಾನು ನೋಡಿದೀನಲ್ಲ."

ನಾದಿನಿ ಅವಳ ತೋಳು ಹಿಡಿದು ಪಕ್ಕಕ್ಕೆಳೆದಳು. "ತಲೆ ನೆಟ್ಟಗಿದೆಯಾ ಅತ್ತಿಗೆ? ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ನೀವೇ ಮಾಡ್ಕೊತೀರಲ್ಲ!"

"ಐದು ವರ್ಷ ಮರಕ್ಕೆ ಹೊಡೆದು ಸೋತೆ. ಇವತ್ತು ಮುಚ್ಚಿಟ್ಟು ಗೆದ್ರೆ ಆ ಸೋಲಿಗೂ ಮರ್ಯಾದೆ ಇರಲ್ಲ ಕಣೇ."

ಮೇಷ್ಟ್ರು ತಪ್ಪು ತನ್ನದೇ ಎಂಬಂತೆ ತಲೆ ತಗ್ಗಿಸಿ ಬರೆದರು.

ಉಳಿದ ಬುಟ್ಟಿಗಳಲ್ಲಿ ಅವಳು ಆ ಒಂದನ್ನು ವಾಪಸು ಗಳಿಸಲು ಹೋಗಲಿಲ್ಲ, ಇನ್ನೊಂದನ್ನು ಕಳೆದುಕೊಳ್ಳಲೂ ಇಲ್ಲ. ಸಂಜೆ ಫಲಕದ ಮೇಲೆ ಹತ್ತೊಂಬತ್ತು ಹೆಸರು ಖಚಿತವಾದವು. ಇಪ್ಪತ್ತನೆಯ ಜಾಗಕ್ಕೆ ಅವಳೂ ಒಬ್ಬ ಬೇಕರಿಯವನೂ ಸಮ. ಆ ದಂಡವಿಲ್ಲದಿದ್ದರೆ ಜಾಗ ಅವಳದೇ. ಈಗ ಇಬ್ಬರೂ ಒಂದೊಂದೇ ಬುಟ್ಟಿ ಆಡಬೇಕು, ಮೊದಲು ಮುಂದಾದವರಿಗೆ ಜಾಗ. ಅದೂ ಇಪ್ಪತ್ತರೊಳಗೆ ಬರುವ ಲೆಕ್ಕ ಆಗಲೇ ತಪ್ಪಿದ್ದರೂ ಕಾಡಿನಲ್ಲಿ ಇನ್ನೂ ಆಡುತ್ತಿರುವ ತಂಡಗಳೆಲ್ಲ ಹೊರಬಂದ ಮೇಲೆ. ಹೆಚ್ಚುಕಡಿಮೆ ಒಂದೂವರೆ ಗಂಟೆ.

ಬೇಕರಿಯವನು ಬರಿಗೈಯನ್ನು ಗಾಳಿಯಲ್ಲಿ ಬೀಸುತ್ತ, ಫಲಕ ನೋಡುತ್ತ, ಸಿಕ್ಕಸಿಕ್ಕವರ ಬಳಿ ವಾದಿಸುತ್ತ ಸುತ್ತಿದ. ಬಿರುಸಕ್ಕ ಸ್ವೆಟರಿನೊಳಗೆ ಕೈ ಹುದುಗಿಸಿ ಕಲ್ಲಿನ ಮೇಲೆ ಕೂತಳು.

"ನನ್ನ ಜೊತೆ ಮಾತಾಡ್ಬೇಡ."

"ಒಂದೂವರೆ ಗಂಟೆ? ನಾನಾ?" ಎಂದ ನಾದಿನಿ, ಪಾಪ, ಹನ್ನೊಂದು ನಿಮಿಷ ತಡೆದಳು. ಆಮೇಲೆ ಹೋಗಿ ಬೀಗದವನ ತಲೆ ತಿಂದಳು.

ಕೊನೆಗೆ ಕರೆದರು. ಬೇಕರಿಯವನು ಒಂದೂವರೆ ಗಂಟೆಯ ಕಾವನ್ನೆಲ್ಲ ಕೈಗಿಳಿಸಿ ಎಸೆದ. ಡಿಸ್ಕು ಮೂವತ್ತು ಹೆಜ್ಜೆಯಲ್ಲೇ ಮರಕ್ಕೆ ಬಡಿದು ಪೊದೆಗೆ ಬಿತ್ತು. ಆ ಸದ್ದಿಗೆ ಬಿರುಸಕ್ಕನ ಭುಜದಲ್ಲಿ ಹಳೆಯ ಆಸೆ ಎದ್ದಿತು: ಈಗ ಜೋರಾಗಿ ಎಸೆದು ಮುಗಿಸಿಬಿಡು. ಅವಳು ಉಸಿರು ಬಿಟ್ಟಳು. ಸಂದು ನೋಡಿದಳು, ಅರ್ಧ ದೂರಕ್ಕಷ್ಟೇ ಎಸೆದಳು. ಡಿಸ್ಕು ಎರಡು ಮರಗಳ ನಡುವೆ ಹಾದು ದಾರಿಯ ಮೇಲೆ ಕೂತಿತು. ಎರಡನೆಯದು ಬುಟ್ಟಿಗೆ ನಾಲ್ಕು ಹೆಜ್ಜೆ. ಬೇಕರಿಯವನು ಎರಡನೆಯ ಎಸೆತದಲ್ಲಿ ಪೊದೆಯಿಂದ ಚೆನ್ನಾಗಿಯೇ ಹೊರಬಂದ. ಆದರೆ ಮೂರನೆಯದು ಬುಟ್ಟಿಯ ಅಂಚಿಗೆ ತಾಗಿ ಹೊರಗೆ ಬಿತ್ತು. ಅವಳ ಮೂರನೆಯದಕ್ಕೆ ಸರಪಳಿ ಝಲ್ಲೆಂದಿತು.

ನಾದಿನಿ ಚೀಲ ಎಸೆದು ಓಡಿ ಬಂದು ಅಪ್ಪಿಕೊಂಡವಳು ಥಟ್ಟನೆ ಕೈಬಿಟ್ಟಳು. "ಅತ್ತಿಗೆ! ನಾಳೆ ಬೆಳಗಿನ ಪಾಳಿ ಇದೆ ನಿಮಗೆ!"

ಐದು ವರ್ಷದಲ್ಲಿ ಎರಡನೆಯ ದಿನ ಬಂದದ್ದೇ ಇಲ್ಲ, ಅದಕ್ಕೆ ರಜೆ ಕೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಬಿರುಸಕ್ಕ ಅಲ್ಲೇ ನಿಂತು ಮೇಲ್ವಿಚಾರಕರಿಗೆ ಫೋನು ಮಾಡಿದಳು.

"ಸಾರ್, ನಾಳೆ ನಾನು ಬರಲ್ಲ. ಆಟ ಇದೆ."

"ಬೆಳಿಗ್ಗೆ ಮುಗಿಸ್ಕೊಂಡು ಬಾಮ್ಮಾ. ನೀನು ಎಲ್ಲಾದ್ರಲ್ಲೂ ಬಿರುಸಲ್ವಾ?"

"ಇಲ್ಲ ಸಾರ್," ಎಂದಳು ಅವಳು. "ನಾಳೆ ಪೂರ್ತಿ ದಿನ ಬೇಕು."