ಡೈರಿ ಗೋಡೆಗೆ ಅಂಟಿಸಿದ ವರದಿ

ನನ್ನ ಹೆಸರಿದ್ದ ಮೊದಲ ವೈದ್ಯಕೀಯ ಲೇಖನ ಪ್ರಕಟವಾದಾಗ ನನಗೆ ಐವತ್ತು ದಾಟಿತ್ತು. ಅಷ್ಟು ವರ್ಷ ಬಂಗಾರಪೇಟೆಯ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಕೂತು ಜನರ ಹೊಟ್ಟೆ, ಎದೆ, ಮೂಳೆಗಳ ಒಳಚಿತ್ರ ನೋಡಿ ವರದಿ ಬರೆದಿದ್ದೆ. ಆ ವರದಿಗಳು ನಾಲ್ಕೈದು ಸಾಲಿನವು. ಕಳಿಸಿದ ಡಾಕ್ಟರು ಓದುತ್ತಾರೆ, ರೋಗಿ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಮನೆಗೆ ಒಯ್ಯುತ್ತಾರೆ, ಅಲ್ಲಿಗೆ ಮುಗಿಯಿತು. ಊರಿಗಾಂನಿಂದ ಬೆಳಿಗ್ಗೆ ರೈಲು ಹತ್ತಿ ಬಂದು ಸಂಜೆ ರೈಲಿಗೇ ವಾಪಸಾಗುವ ನನಗೆ, ಜರ್ನಲ್‌ಗೆ ಬರೆಯುವುದೆಂದರೆ ದೊಡ್ಡ ಕಾಲೇಜಿನವರ ಕೆಲಸ ಎಂಬ ಭಾವನೆಯೇ ಗಟ್ಟಿಯಾಗಿತ್ತು.

ಕಾಮಸಮುದ್ರದ ಕಡೆಯ ಒಂದು ಹಳ್ಳಿಯಿಂದ ಆ ಹೆಂಗಸು ಗಂಡನ ಜೊತೆ ಬಂದಳು. ನಲವತ್ತೈದರ ಆಸುಪಾಸು. ಬಲತೊಡೆಯ ಹಿಂಭಾಗದಲ್ಲಿ ಒಂದು ಗೆಡ್ಡೆ, ಎರಡು ವರ್ಷದಿಂದ ಮೆಲ್ಲಗೆ ಬೆಳೆದಿತ್ತು. ನೋವಿಲ್ಲ, ಜ್ವರವಿಲ್ಲ. ಹಾಲು ಕರೆಯಲು ಕುಕ್ಕರಗಾಲಲ್ಲಿ ಕೂತಾಗ ಮಾತ್ರ ಒತ್ತುತ್ತಿತ್ತಂತೆ. ಊರ ಹತ್ತಿರದ ಡಾಕ್ಟರು, ಒಳಗೆ ನೀರಿದ್ದರೆ ಸೂಜಿ ಹಾಕಿ ತೆಗೆಯೋಣ, ಮೊದಲು ಒಂದು ಸ್ಕ್ಯಾನ್ ಆಗಲಿ ಎಂದು ಕಳಿಸಿದ್ದರು.

ತೊಡೆಯ ಮೇಲೆ ಜೆಲ್ ಹಚ್ಚಿ ಪರದೆ ನೋಡಿದವಳು ಹಾಗೇ ಕೂತುಬಿಟ್ಟೆ. ಒಂದು ದೊಡ್ಡ ನೀರುಗುಳ್ಳೆ, ಅದರೊಳಗೆ ಹತ್ತಾರು ಚಿಕ್ಕ ಗುಳ್ಳೆಗಳು, ಮಡಕೆಯಲ್ಲಿ ದ್ರಾಕ್ಷಿ ತುಂಬಿಟ್ಟ ಹಾಗೆ. ಇಂಥದ್ದನ್ನು ಯಕೃತ್ತಿನಲ್ಲಿ ಎರಡು ಸಲ ನೋಡಿದ್ದೆ. ತೊಡೆಯ ಮಾಂಸದಲ್ಲಿ ಪುಸ್ತಕದಲ್ಲಷ್ಟೇ.

"ನಿಮ್ಮನೇಲಿ ಕುರಿ ಇದಾವಾ ಅಮ್ಮಾ?" ಎಂದು ಕೇಳಿದೆ.

ಅವಳು ನಕ್ಕುಬಿಟ್ಟಳು. "ಅದೆಂಗೆ ಗೊತ್ತಾಯ್ತು ಡಾಕ್ಟ್ರಮ್ಮ? ಆ ಪೆಟ್ಟಿಗೇಲಿ ಕುರೀನೂ ಕಾಣ್ತಾವಾ?"

"ನಾಯಿ?"

"ಎಲ್ಡವೆ. ಕುರಿ ಹಿಂದೆ ಓಗ್ಬೇಕಲ್ಲ."

ನಾಯಿಯ ಕರುಳಲ್ಲಿ ಒಂದು ಸಣ್ಣ ಹುಳ ಇರುತ್ತದೆ, ಅದರ ಮೊಟ್ಟೆ ಹೇಗೋ ಕೈಗಂಟಿ ಬಾಯಿಗೆ ಹೋಗಿದೆ, ಮೈಯೊಳಗೆ ಈ ಗುಳ್ಳೆ ಕಟ್ಟಿದೆ ಎಂದು ಹೇಳಿದೆ. ಹೊಸದೇನೋ ಕಂಡ ಉತ್ಸಾಹ ನನ್ನ ದನಿಯಲ್ಲಿತ್ತು, ಈಗ ನೆನೆದರೆ ನಾಚಿಕೆಯಾಗುತ್ತದೆ. ಸೂಜಿ ಚುಚ್ಚಿದರೆ ಒಳಗಿನ ನೀರು ಸೋರಿ ಪ್ರಾಣಕ್ಕೇ ಕುತ್ತು ಬರಬಹುದು. ವರದಿಯಲ್ಲಿ ಅದನ್ನೇ ದಪ್ಪ ಅಕ್ಷರದಲ್ಲಿ ಬರೆದು, ಕಳಿಸಿದ ಡಾಕ್ಟರಿಗೂ ಫೋನ್ ಮಾಡಿದೆ. ಕೋಲಾರದಲ್ಲಿ ನನ್ನ ಜೊತೆ ಓದಿದ ಸರ್ಜನ್ ಒಬ್ಬರಿದ್ದಾರೆ. ಅವರು ಎಂಆರ್‌ಐ ಮಾಡಿಸಿ, ಗುಳ್ಳೆ ಒಡೆಯದಂತೆ ಇಡಿಯಾಗಿ ತೆಗೆದರು. ಕೆಲವು ತಿಂಗಳು ಮಾತ್ರೆ ಕೊಟ್ಟರು.

"ಇದನ್ನ ಬರೀಬೇಕು ನೀನು," ಎಂದವರೂ ಅವರೇ. "ನಾಳೆ ಇನ್ಯಾರೋ ಸೂಜಿ ಹಾಕೋಕೆ ಮುಂಚೆ ಓದಲಿ."

ಎಲ್ಲರೂ ಬಿಟ್ಟಿಯಾಗಿ ಓದಬಹುದಾದ ಜರ್ನಲ್ಲಿಗೇ ಕಳಿಸೋಣ ಎಂದು ತೀರ್ಮಾನಿಸಿದೆವು. ಸಣ್ಣ ಊರಿನ ಡಾಕ್ಟರು ಚಂದಾ ಕಟ್ಟಿ ಏನನ್ನೂ ಓದುವುದಿಲ್ಲವೆಂದು ನನಗೆ ನನ್ನಿಂದಲೇ ಗೊತ್ತಿತ್ತು. ರೋಗಿಯ ಒಪ್ಪಿಗೆ ಬೇಕು. ಜರ್ನಲ್ಲಿನ ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿತ್ತು, ನಾನು ಕನ್ನಡಕ್ಕೆ ತಿರುಗಿಸಿ ಕೈಯಲ್ಲಿ ಬರೆದಿಟ್ಟುಕೊಂಡೆ. ಹೊಲಿಗೆ ಬಿಚ್ಚಿಸಿಕೊಂಡ ಮೇಲೆ ಅವಳು ಸೆಂಟರಿಗೆ ಬಂದಾಗ ಓದಿ ಹೇಳಿದೆ.

"ನನ್ ಮೊಕ ಬತ್ತದಾ?"

"ಇಲ್ಲ. ತೊಡೆ ಒಳಗಿನ ಚಿತ್ರ ಮಾತ್ರ. ಹೆಸರೂ ಇರಲ್ಲ."

"ಯಾರ್ ಬೇಕಾದ್ರೂ ನೋಡ್ಬೌದಾ?"

"ಯಾರು ಬೇಕಾದರೂ. ಪ್ರಪಂಚದಲ್ಲಿ ಎಲ್ಲಿದ್ದರೂ."

"ನಮ್ಮೂರೋರು?"

"ಅವರೂ ನೋಡಬಹುದು. ಆದರೆ ಇಂಗ್ಲಿಷಲ್ಲಿ ಇರುತ್ತೆ."

"ಅಂಗಾದ್ರೆ ಯಾರೂ ನೋಡಲ್ಲ ಬುಡಿ," ಎಂದು ಅವಳು ನಿಧಾನವಾಗಿ, ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದಳು. ಅವಳ ಮುಖದಲ್ಲಿ ಏನೋ ಹಗುರಾದದ್ದು ಕಂಡಿತು. ಯಾಕೆಂದು ನಾನು ಕೇಳಲಿಲ್ಲ.

ಬರೆಯಲು ಎರಡು ತಿಂಗಳಾಯಿತು. ರೈಲಿನಲ್ಲಿ, ಊಟದ ಬಿಡುವಿನಲ್ಲಿ, ಭಾನುವಾರ ಅಡಿಗೆಮನೆಯ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಬರೆದೆ. ಮೊದಲ ಜರ್ನಲ್ ಒಂದೇ ವಾರದಲ್ಲಿ ಬೇಡವೆಂದಿತು. ಅದು ಹೇಗೆ ಗೊತ್ತಾಯಿತೋ, ಹೆಸರೇ ಕೇಳದ ಜರ್ನಲ್ಲುಗಳಿಂದ ದಿನಕ್ಕೆ ನಾಲ್ಕು ಮೇಲ್ ಬರತೊಡಗಿದವು: ಮಹಾನ್ ವಿದ್ವಾಂಸರೇ, ನಿಮ್ಮ ಅಮೂಲ್ಯ ಲೇಖನವನ್ನು ಮೂರೇ ದಿನದಲ್ಲಿ ಪ್ರಕಟಿಸುತ್ತೇವೆ. ಒಂದು ಸಲ ಆಸೆಯೂ ಆಯಿತು, ಸುಳ್ಳು ಹೇಳುವುದಿಲ್ಲ. ಸರ್ಜನ್ ಬೈದರು. "ಯಾರೂ ಓದಿ ನೋಡದೆ ಹಾಕೋ ಕಡೆ ಕೊಟ್ರೆ, ಆಮೇಲೆ ಯಾರು ನಂಬಿ ಓದ್ತಾರೆ?"

ಎರಡನೆಯ ಜರ್ನಲ್ಲಿನಿಂದ ಉದ್ದನೆಯ ಉತ್ತರ ಬಂತು. ಲೇಖನವನ್ನು ಪರಿಶೀಲಿಸಿದ ಇಬ್ಬರಲ್ಲಿ ಒಬ್ಬರು, ಒಂದು ವರ್ಷದ ನಂತರದ ಸ್ಕ್ಯಾನ್ ಇಲ್ಲದೆ ರೋಗ ಮರುಕಳಿಸಿಲ್ಲವೆಂದು ಹೇಗೆ ಹೇಳುತ್ತೀರಿ ಎಂದು ಕೇಳಿದ್ದರು. ಇನ್ನೊಬ್ಬರು ನಾನು ಪ್ರೀತಿಯಿಂದ ಬರೆದಿದ್ದ ಒಂದು ಪ್ಯಾರಾಕ್ಕೆ ಗೆರೆ ಎಳೆದಿದ್ದರು. ಹೋಬಳಿಯ ಹೆಸರು, ಎಷ್ಟು ಕುರಿ, ಎಷ್ಟು ಹಸು, ಎಲ್ಲ ಅದರಲ್ಲಿತ್ತು. "ಇದನ್ನು ಓದಿದ ಆ ಭಾಗದ ಯಾರಿಗಾದರೂ ಇವರು ಯಾರೆಂದು ತಿಳಿಯುತ್ತದೆ, ತೆಗೆಯಿರಿ" ಎಂದು ಪಕ್ಕದಲ್ಲಿ ಬರೆದಿದ್ದರು. ಎಲ್ಲೋ ಕೂತವರಿಗೆ ನಮ್ಮೂರ ಚಿಂತೆ ಯಾಕೆ ಎಂದು ನನಗೆ ಸಿಟ್ಟೇ ಬಂತು.

ಶಸ್ತ್ರಚಿಕಿತ್ಸೆಯಾಗಿ ಆಗಲೇ ವರ್ಷ ತುಂಬಿತ್ತು. ಅವಳು ಸ್ಕ್ಯಾನಿಗೆ ಬಂದಿರಲಿಲ್ಲ, ಕೊಟ್ಟಿದ್ದ ನಂಬರು ಚಾಲ್ತಿಯಲ್ಲಿರಲಿಲ್ಲ. ಒಂದು ಭಾನುವಾರ ಕಾಮಸಮುದ್ರಕ್ಕೆ ಬಸ್ಸು ಹತ್ತಿದೆ. ಅಲ್ಲಿಂದ ಆಟೋ.

ಅವಳು ಕೊಟ್ಟಿಗೆಯಲ್ಲಿದ್ದಳು. ನನ್ನನ್ನು ಕಂಡು ಗಾಬರಿಯಾಗಿ ಸೆರಗಿಗೆ ಕೈ ಒರೆಸಿಕೊಂಡು ಬಂದಳು. ಚಾಪೆ ಹಾಕಿದಳು. ಒಳಗೆ ಹೋಗಿ ಚೊಂಬು ತಂದವಳು ನನ್ನ ಕೈಗೆ ಕೊಡದೆ ಹಾಗೇ ನಿಂತಳು.

"ನಮ್ಮನೇಲಿ ನೀರು ಕುಡೀತೀರಾ ಡಾಕ್ಟ್ರಮ್ಮ?"

ಜಾತಿಯ ಮಾತೇನೋ ಎಂದುಕೊಂಡು ಚೊಂಬು ತೆಗೆದುಕೊಂಡು ಗಟಗಟ ಕುಡಿದೆ. ಅದಲ್ಲ ಎಂದು ಗಂಡ ಹೇಳಿದ ಮೇಲೆ ತಿಳಿಯಿತು.

"ಇವಳ ಮೈಯಾಗೆ ಉಳ ಐತೆ ಅಂತ ಊರೆಲ್ಲ ಆಗೋಯ್ತು ಮೇಡಂ. ಡೈರೀಲಿ ಇವಳ ಹಿಂದೆ ನಿಂತ್ಕೊಳ್ಳಲ್ಲ. ಎಲ್ರದೂ ಆದ್ಮೇಲೆ ಕಡೇಗೆ ಬಂದು ಆಲು ಹಾಕು ಅಂತಾರೆ. ಆಮೇಲಿಂದ ನಾನೇ ಓಗಿ ಹಾಕ್ತೀನಿ, ಇವಳು ಓಗೋದೇ ಬುಟ್ಬುಟ್ಟವ್ಳೆ."

"ಊರಿಗೆ ಯಾರು ಹೇಳಿದ್ದು?"

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವಳು ನೆಲ ನೋಡುತ್ತ ಹೇಳಿದಳು, "ಅವತ್ತು ಬಾಗ್ಲು ತೆಗ್ದಿತ್ತಲ್ಲ ಡಾಕ್ಟ್ರಮ್ಮ. ಆಚೆ ಬೆಂಚ್ ಮೇಲೆ ನಮ್ಮೂರೋರೇ ಇಬ್ರು ಕೂತಿದ್ರು. ನೀವು ಜೋರಾಗಿ ಯೇಳಿದ್ರಿ."

ಹೆಸರು ಹಾಕುವುದಿಲ್ಲ, ಮುಖ ಹಾಕುವುದಿಲ್ಲ ಎಂದು ಒಪ್ಪಿಗೆ ಪತ್ರದಲ್ಲಿ ಎಷ್ಟು ಜಾಗ್ರತೆಯಿಂದ ಬರೆದಿದ್ದೆ. ಅದಕ್ಕೂ ಮೊದಲೇ, ಒಂದು ಬಾಗಿಲು ಮುಂದೆ ಮಾಡದೆ ಇಡೀ ಊರಿಗೆ ಅವಳನ್ನು ಪ್ರಕಟಿಸಿದ್ದೆ. ಅದೂ ಅರ್ಧ ಮಾತನ್ನು. ಅದು ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ, ಹಾಲಿನಿಂದ ಬರುವುದಿಲ್ಲ ಎಂಬುದನ್ನು ನಾನು ಹೇಳಿರಲೇ ಇಲ್ಲ. ಯಾರೂ ಕೇಳಿರಲಿಲ್ಲ, ಹೇಳಬೇಕೆಂದು ನನಗೆ ಹೊಳೆದಿರಲಿಲ್ಲ.

"ತಪ್ಪಾಯ್ತಮ್ಮ," ಎಂದೆ.

ಅವಳು ಖಾಲಿ ಚೊಂಬು ಎತ್ತಿಕೊಂಡು, "ಅಷ್ಟ್ ದಿನ ಕೂತು ಇಂಗ್ಲೀಷಾಗೆ ಬರೆದ್ರಲ್ಲ, ನಮ್ ಡೈರಿಯೋರಿಗೂ ಒಂದು ಬರ್ಕೊಡಿ," ಎಂದಳು.

ನನ್ನ ಬ್ಯಾಗಿನಲ್ಲಿದ್ದ ಪ್ಯಾಡ್ ತೆಗೆದು ಜಗಲಿಯ ಮೇಲೆ ಬರೆಯಲು ಕೂತೆ. ಆಂಡರ್ಸನ್‌ಪೇಟೆಯ ಶಾಲೆಯಲ್ಲಿ ಕನ್ನಡ ಕಲಿತವಳು, ಒಂದು ಪುಟ ಎಷ್ಟು ಹೊತ್ತಿನ ಕೆಲಸ ಎಂದುಕೊಂಡಿದ್ದೆ. ಮೊದಲ ಸಾಲಿನಲ್ಲೇ 'ಪರಾವಲಂಬಿ ಜೀವಿ' ಎಂದು ಬರೆದಿದ್ದೆ. ಗಂಡ ಗಟ್ಟಿಯಾಗಿ ಓದುತ್ತ ಅಲ್ಲೇ ನಿಂತ. "ಇದೇನ್ ಮೇಡಂ, ಯಾವ್ದಾದ್ರೂ ಪಾರ್ಟಿ ಎಸ್ರಾ?" ಹರಿದುಹಾಕಿ ಮತ್ತೆ ಬರೆದೆ. ಎರಡನೆಯದು ಹೆದರಿಸುವಂತಿತ್ತು. ಮೂರನೆಯದನ್ನು ಅವಳೇ ಕೇಳಿ ತಿದ್ದಿದಳು. 'ಶ್ವಾನ' ಬೇಡ ನಾಯಿ ಅನ್ನಿ, 'ಮಲ' ಬೇಡ ಎಲ್ಲರೂ ಅನ್ನೋದನ್ನೇ ಅನ್ನಿ ಎಂದಳು. ಕೊನೆಗೆ ಉಳಿದದ್ದು ಇಷ್ಟು: ಕುರಿ ಕೊಯ್ದಾಗ ಹಸಿ ಕರುಳು, ಈಲಿ (ಲಿವರ್) ನಾಯಿಗೆ ಹಾಕಬೇಡಿ, ಹೂತುಬಿಡಿ. ನಾಯಿ ಮುಟ್ಟಿದ ಮೇಲೆ, ಹಿತ್ತಲ ಕೆಲಸ ಆದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ನಾಯಿಗೆ ಜಂತುಹುಳದ ಮಾತ್ರೆ ಹಾಕಿಸಿ. ಈ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಬರುವುದಿಲ್ಲ. ಹಸುವಿನ ಹಾಲಿನಿಂದ ಬರುವುದಿಲ್ಲ. ಮೈಯಲ್ಲಿ ಗೆಡ್ಡೆ ಕಂಡರೆ ಸೂಜಿ ಹಾಕಿಸುವ ಮೊದಲು ಸ್ಕ್ಯಾನ್ ಮಾಡಿಸಿ.

ಸಂಜೆ ಹಾಲು ಹಾಕುವ ಹೊತ್ತಿಗೆ ಡೈರಿಗೆ ಹೊರಟೆವು. ನೀವು ಬರಬೇಕಾಗಿಲ್ಲ, ನಾನೊಬ್ಬಳೇ ಹೋಗುತ್ತೇನೆ ಎಂದೆ. "ಗೊತ್ತಿಲ್ದೆ ಇರೋದು ಯಾರ್ಗೆ ಈಗ?" ಎಂದು ಅವಳೇ ಕ್ಯಾನ್ ಹಿಡಿದು ಮುಂದೆ ನಡೆದಳು.

ಸೆಕ್ರೆಟರಿ ವಯಸ್ಸಾದ ಮನುಷ್ಯ. ಕನ್ನಡಕ ಏರಿಸಿಕೊಂಡು ಕಾಗದವನ್ನು ಎಲ್ಲರಿಗೂ ಕೇಳುವ ಹಾಗೆ ಓದಿದರು. ಸಾಲಿನಲ್ಲಿದ್ದ ಒಬ್ಬಾತ ಕೇಳಿದ, "ಮತ್ತೆ ನೀವೇ ಉಳ ಅಂದ್ರಂತಲ್ಲಮ್ಮ?"

"ಅಂದೆ. ಅಷ್ಟಕ್ಕೇ ನಿಲ್ಲಿಸಿದ್ದು ನನ್ನ ತಪ್ಪು. ಆ ಗುಳ್ಳೇನ ಇಡಿಯಾಗಿ ತೆಗೆದಾಯ್ತು. ಇವತ್ತು ಅವರ ಮನೇಲೇ ನೀರು ಕುಡಿದು ಬಂದೆ."

ಸೆಕ್ರೆಟರಿ ಅವಳ ಕ್ಯಾನಿಗೆ ಕೈ ಚಾಚಿ, "ಕೊಡಮ್ಮ," ಎಂದರು. ಅವಳು ಹಾಲು ಹಾಕಿದಳು. ಅವಳ ಹಿಂದೆ ನಿಂತಿದ್ದ ಮುದುಕಿಯೊಬ್ಬಳು ಒಂದು ಹೆಜ್ಜೆ ಹಿಂದೆ ಸರಿದದ್ದನ್ನು ನಾನು ನೋಡಿದೆ, ಅವಳೂ ನೋಡಿದಳು. ಕಾಗದವನ್ನು ಹಾಲಿನ ಫ್ಯಾಟ್ ನೋಡುವ ಮೆಷಿನ್ನಿನ ಮೇಲಿನ ಗೋಡೆಗೆ ಅಂಟಿಸಿದರು.

ಮುಂದಿನ ವಾರ ಇಬ್ಬರೂ ಬಂಗಾರಪೇಟೆಗೆ ಬಂದರು. ಬಾಗಿಲು ಹಾಕಿ ಸ್ಕ್ಯಾನ್ ಮಾಡಿದೆ. ತೊಡೆಯ ಮಾಂಸ ಶುದ್ಧವಾಗಿತ್ತು, ಹಳೆಯ ಗಾಯದ ಒಂದು ಗೆರೆ ಬಿಟ್ಟರೆ ಏನೂ ಇಲ್ಲ. ಡೈರಿ ಹೇಗಿದೆ ಎಂದು ಕೇಳಿದೆ. "ಮಧ್ಯದಾಗೆ ನಿಂತ್ಕೊತೀನಿ ಈಗ. ಒಬ್ರಿಬ್ರು ಇನ್ನೂ ಅಂಗೇ ಅವ್ರೆ. ಇರ್ಲಿ ಬುಡಿ."

ಪರಿಶೀಲಕರು ಗೆರೆ ಎಳೆದಿದ್ದ ಪ್ಯಾರಾವನ್ನು ಆ ದಿನವೇ ಪೂರ್ತಿ ತೆಗೆದುಹಾಕಿದೆ. ಜಿಲ್ಲೆಯ ಹೆಸರೂ ಇಡಲಿಲ್ಲ. ಉತ್ತರದಲ್ಲಿ ನಿಮ್ಮ ಮಾತು ಸರಿ ಎಂದು ಬರೆದೆ, ಮರ್ಯಾದೆಗಾಗಿ ಬರೆದದ್ದಲ್ಲ. ಕೆಲವು ವಾರಗಳಲ್ಲಿ ಲೇಖನ ಪ್ರಕಟವಾಯಿತು. ಕುರಿ ಹೆಚ್ಚಾಗಿರುವ ಇನ್ನೊಂದು ದೇಶದ ಡಾಕ್ಟರೊಬ್ಬರು, ತಮ್ಮ ರೋಗಿಗೂ ತೋಳಿನಲ್ಲಿ ಇಂಥದ್ದೇ ಇದೆ, ಎಂಆರ್‌ಐ ಚಿತ್ರ ಹೋಲಿಸಿ ನೋಡಿದೆ, ಸೂಜಿ ಹಾಕಲಿಲ್ಲ ಎಂದು ಬರೆದರು. ಆ ಪತ್ರವನ್ನು ಸರ್ಜನ್ನಿಗೆ ಫೋನಿನಲ್ಲಿ ಎರಡು ಸಲ ಓದಿ ಹೇಳಿದೆ.

ಆಮೇಲೆ ಇನ್ನೂ ಮೂರು ಲೇಖನ ಬರೆದಿದ್ದೇನೆ. ಪ್ರತಿಯೊಂದಕ್ಕೂ ರೋಗಿ ಓದುವಂಥ ಒಂದು ಕನ್ನಡದ ಪುಟ ಮೊದಲು ಬರೆಯುತ್ತೇನೆ. ಅದೇ ಹೆಚ್ಚು ಹೊತ್ತು ಹಿಡಿಯುತ್ತದೆ. ತಮಿಳು ಮನೆಮಾತಿನವರಿಗೆ ನಮ್ಮ ರಿಸೆಪ್ಷನ್ನಿನ ಹುಡುಗಿ ತಿರುಗಿಸಿ ಹೇಳುತ್ತಾಳೆ.

ಕಳೆದ ತಿಂಗಳು ಪಕ್ಕದ ಹಳ್ಳಿಯ ಕುರಿ ಸಾಕುವವನೊಬ್ಬ ಬೆನ್ನ ಮೇಲೆ ಗೆಡ್ಡೆಯೆಂದು ಯಾರ ಚೀಟಿಯೂ ಇಲ್ಲದೆ ನೇರ ನನ್ನಲ್ಲಿಗೆ ಬಂದ. ಯಾರು ಕಳಿಸಿದರು ಎಂದರೆ ಮೊಬೈಲ್ ತೆಗೆದು ಡೈರಿ ಗೋಡೆಯ ಕಾಗದದ ಫೋಟೋ ತೋರಿಸಿದ. ಎದ್ದು ಬಾಗಿಲು ಮುಂದೆ ಮಾಡಿ ಬಂದು ನೋಡಿದೆ. ಬರೀ ಕೊಬ್ಬಿನ ಗಂಟು. ಏನೂ ಭಯವಿಲ್ಲ ಎಂದೆ.

"ಅಂಗಾದ್ರೆ ಅದನ್ನೂ ಒಂದು ಕಾಗದದಾಗೆ ಬರ್ಕೊಡಿ ಮೇಡಂ," ಎಂದ. "ನಮ್ ಮನೆಯೋಳು ನಂಬಲ್ಲ."

ಬರೆದುಕೊಟ್ಟೆ.