ತುಳುವಿನಲ್ಲಿ ಅಳು, ಕನ್ನಡದಲ್ಲಿ ಹೇಳು

ವಕೀಲಮ್ಮನ ಬೈತಲೆಯಲ್ಲಿ ಯಾವಾಗಲೂ ನೀಲಿ ಶಾಯಿ ಇರುತ್ತಿತ್ತು. ಯೋಚನೆ ಮಾಡುವಾಗ ಪೆನ್ನಿನಿಂದ ತಲೆ ಕೆರೆದುಕೊಳ್ಳುವ ಅಭ್ಯಾಸ. ನಿಬ್ಬು ಯಾವ ಕಡೆ ಎಂದು ನೋಡುವ ವ್ಯವಧಾನವಿಲ್ಲ. ಬೇರೆ ಹೆಂಗಸರು ಕುಂಕುಮ ಇಡುವ ಜಾಗದಲ್ಲಿ ಇವರಿಗೆ ಶಾಯಿ! ಮದುವೆಯಾಗದ ಕೊಂಕಣಿ ಕ್ರಿಶ್ಚಿಯನ್ ಹೆಂಗಸು, ಪ್ರಾಯ ಅರುವತ್ತರ ಹತ್ತಿರ. ಮಂಗಳೂರಿನ ಫಳ್ನೀರಿನಲ್ಲಿದ್ದ ಮನೆಯ ಮುಂದಿನ ಕೋಣೆಯೇ ಅವರ ಆಫೀಸು.

ಎಂಬತ್ತರ ದಶಕದ ಆರಂಭದಲ್ಲಿ ನಾನು ಅಲ್ಲಿಗೆ ಹೋದದ್ದು ವಿಚ್ಛೇದನಕ್ಕೆ. ಗಂಡನಿಗೆ ಬೊಂಬಾಯಿಯಲ್ಲಿ ಹೋಟೆಲು, ನನಗೆ ಶಕ್ತಿನಗರದ ಹತ್ತಿರ ಶಾಲೆಯಲ್ಲಿ ಟೀಚರ್ ಕೆಲಸ. ಮದುವೆಯಾದ ಮೇಲೆ ನಾವಿಬ್ಬರೂ ಒಂದೇ ಮಾತಿಗೆ ಒಟ್ಟಿಗೆ ನಕ್ಕದ್ದು ನೆನಪಿಲ್ಲ. ಎರಡು ವರ್ಷದಿಂದ ಬೇರೆಯೇ ಇದ್ದೆವು. ಆ ಮನೆಯ ಸೊಸೆ ಎಂಬ ಹೆಸರು ಕಳಚಿ ನನ್ನ ಪಾಡಿಗೆ ಪಾಠ ಮಾಡಿಕೊಂಡಿರಬೇಕು, ನನಗೆ ಬೇಕಾದದ್ದು ಅಷ್ಟೇ.

ಜೊತೆಗೆ ಬಂದ ನನ್ನ ಸೋದರಮಾವನಿಗೆ ಅಷ್ಟು ಸಾಲದು. ನಮ್ಮ ಕಡೆ ಮಾವನ ಮಾತೆಂದರೆ ಮನೆಯ ಮಾತು. "ಅವನ ಮಾನ ಕೋರ್ಟಿನಲ್ಲಿ ಹರಾಜು ಹಾಕಬೇಕು," ಎಂದರು.

"ಹರಾಜಿಗೆ ಬಂದರಿಗೆ ಹೋಗಿ, ಅಲ್ಲಿ ಮೀನಿನದ್ದು ಉಂಟು," ಎಂದರು ವಕೀಲಮ್ಮ. "ಇಲ್ಲಿ ಹುಡುಗಿ ಮಾತಾಡ್ಲಿ."

ನಾನು ತುಳುವಿನಲ್ಲಿ ಶುರು ಮಾಡಿದೆ. ಎರಡನೆಯ ಮಾತಿಗೇ ಗೊಳೋ ಎಂದು ಅತ್ತೆ. ಅವರು ತಡೆಯಲಿಲ್ಲ. ಕೆಲಸದಾಕೆಗೆ ಚಹಾ ತರಲು ಹೇಳಿದರು. ಆಮೇಲೆ, "ತುಳುವಿನಲ್ಲಿ ಅಳುವಷ್ಟು ಅತ್ತುಬಿಡು ಮಾರಾಯ್ತಿ. ಮತ್ತೆ ಅದನ್ನೇ ಕನ್ನಡದಲ್ಲಿ ಹೇಳು. ಕನ್ನಡದಲ್ಲಿ ನಿನಗೆ ಅಳ್ಲಿಕ್ಕೆ ಬರುವುದಿಲ್ಲ, ನೀನು ಟೀಚರ್ ಅಲ್ವಾ?" ಎಂದರು.

ನಿಜವೇ! ಕನ್ನಡ ನನಗೆ ಶಾಲೆಗೆ ಉಡುವ ಇಸ್ತ್ರಿ ಸೀರೆಯ ಹಾಗೆ, ಉಟ್ಟ ಕೂಡಲೇ ಬೆನ್ನು ನೆಟ್ಟಗಾಗುತ್ತದೆ. ಅತ್ತೆಯ ಕೊಂಕು, ಗಂಡನ ಮೌನ, ಒಂಟಿಯಾಗಿ ಉಂಡ ಹಬ್ಬದೂಟ ಎಲ್ಲವೂ ಕನ್ನಡಕ್ಕೆ ಬರುವಾಗ ಸಣ್ಣದಾಗಿ ಹೋದವು. ಉಳಿದದ್ದು ಮೂರೇ ಮಾತು: ವರ್ಷಕ್ಕೂ ಹೆಚ್ಚು ಬೇರೆ ಇದ್ದೇವೆ, ಒಟ್ಟಿಗೆ ಬಾಳಲು ಆಗಲಿಲ್ಲ, ಬಿಡುವುದೆಂದು ಇಬ್ಬರೂ ಒಪ್ಪಿದ್ದೇವೆ.

"ಕಾನೂನಿಗೆ ಬೇಕಾದ್ದು ಇಷ್ಟೇ," ಎಂದರು ವಕೀಲಮ್ಮ. "ಇಬ್ಬರೂ ಒಟ್ಟಿಗೆ ಅರ್ಜಿ ಹಾಕ್ತೀರಿ. ಆರು ತಿಂಗಳು ಕಾಯ್ತೀರಿ. ಮತ್ತೆ ಇಬ್ಬರೂ ಬಂದು ಜಡ್ಜರ ಮುಂದೆ ಹೌದು ಅನ್ನಬೇಕು. ಒಬ್ಬರು ತಪ್ಪಿಸಿಕೊಂಡರೂ ಇದೆಲ್ಲ ನೀರುಪಾಲು. ಮಾನ ತೆಗೆದರೆ ಅವರು ಬೊಂಬಾಯಿಯಿಂದ ಬರ್ತಾರಾ?"

ಆ ಆರು ತಿಂಗಳು ಶಾಲೆ ಬಿಟ್ಟ ಮೇಲೆ ಆಗಾಗ ಫಳ್ನೀರಿಗೆ ಹೋಗುತ್ತಿದ್ದೆ. ವಕೀಲಮ್ಮ ತಾನೇ ಜಡ್ಜಾಗಿ, ಮುಖ ಗಂಟಿಕ್ಕಿ, "ಮನಸ್ಸು ಬದಲಾಗಿದೆಯೇ?" ಎಂದು ಕೇಳುವರು. ನಾನು "ಇಲ್ಲ ಸ್ವಾಮಿ" ಎಂದರೆ, "ಎಂತ ಸ್ವರ ಅದು? ಹಿಂದಿನ ಬೆಂಚಿನ ಮಕ್ಕಳಿಗೆ ಕೇಳುವುದು ಬೇಡ್ವಾ?" ಎಂದು ಗದರುವರು. ನಿಮ್ಮವರಲ್ಲಿ ವಿಚ್ಛೇದನ ಉಂಟಾ ಎಂದು ಒಮ್ಮೆ ಕೇಳಿದೆ. "ಇಗರ್ಜಿಯಲ್ಲಿ ಇಲ್ಲಪ್ಪ," ಎಂದು ನಕ್ಕರು. "ನಾನು ಇಂಥ ಕೇಸು ನಡೆಸ್ತೇನಲ್ಲ, ಅದಕ್ಕೇ ಪಾದ್ರಿಗಳ ಕಣ್ಣಿಗೆ ಬೀಳದ ಹಾಗೆ ಚರ್ಚಿನ ಕೊನೆಯ ಸಾಲಿನಲ್ಲಿ ಕೂರ್ತೇನೆ."

ಕೊನೆಯ ದಿನ ಕೋರ್ಟಿನಲ್ಲಿ ಗಂಡನ ಸುಳಿವೇ ಇಲ್ಲ. ನಾನು ಬಾಗಿಲಿನ ಕಡೆಗೇ ನೋಡುತ್ತಿದ್ದೆ. ನಮ್ಮ ಹೆಸರು ಕರೆಯುವ ಹೊತ್ತಿಗೆ, ಬಸ್ಸಿನಿಂದ ಇಳಿದು ನೇರ, ಕೈಯಲ್ಲಿ ಚೀಲ ಹಿಡಿದುಕೊಂಡೇ ಬಂದರು ಪುಣ್ಯಾತ್ಮ. ಜಡ್ಜರು ಕೇಳಿದರು. ನಾನು ಹಿಂದಿನ ಬೆಂಚಿಗೂ ಕೇಳುವ ಹಾಗೆ ಉತ್ತರ ಕೊಟ್ಟೆ. ಅವರೂ ಹೌದೆಂದರು.

ಹೊರಗೆ ಬಂದ ಮೇಲೆ ಅವರು ವಕೀಲಮ್ಮನಿಗೆ ಕೈಮುಗಿದರು. "ಹೋಗಬೇಡ ಅಂತ ಮನೆಯಲ್ಲಿ ಜಗಳವೇ ಆಯ್ತು. ಆದರೆ ಆ ಅರ್ಜಿಯಲ್ಲಿ ನನ್ನ ಮೇಲೆ ಒಂದು ಕೆಟ್ಟ ಮಾತೂ ಇರ್ಲಿಲ್ಲ. ಹೇಗೆ ಬಾರದೆ ಇರುವುದು?" ಎಂದರು. ಅವರ ಮೇಲೆ ನನಗಿದ್ದ ಕೋಪವೂ ಅಲ್ಲಿಗೆ ಮುಗಿಯಿತು. ವಕೀಲಮ್ಮ ನನ್ನನ್ನು ಐಸ್‌ಕ್ರೀಮಿಗೆ ಕರೆದುಕೊಂಡು ಹೋದರು. ಅಷ್ಟು ರುಚಿಯ ಐಸ್‌ಕ್ರೀಮು ನಾನು ಮತ್ತೆ ತಿಂದಿಲ್ಲ.

ಆ ದಶಕ ಮುಗಿಯುವ ಮೊದಲೇ ಅವರು ತೀರಿಹೋದರು. ಅದೇ ಮುಂದಿನ ಕೋಣೆಯಲ್ಲಿ ಮಲಗಿಸಿದ್ದರು. ತಲೆ ಬಾಚಿದವರು ಬೈತಲೆಯನ್ನು ಚೆನ್ನಾಗಿ ಒರೆಸಿಬಿಟ್ಟಿದ್ದರು. ಶಾಯಿಯ ಗುರುತೂ ಇರಲಿಲ್ಲ. ಅವರ ತಮ್ಮ ಹತ್ತಿರ ಬಂದು, "ನೀವು ಯಾರೂಂತ ಗೊತ್ತಾಗ್ಲಿಲ್ಲ," ಎಂದರು. "ಅವರ ಕಕ್ಷಿದಾರಳು. ನನ್ನ ಕೇಸು ನಡೆಸಿದ್ದರು," ಎಂದೆ. ಬೆನ್ನು ನೆಟ್ಟಗೇ ಇತ್ತು, ಸ್ವರ ನಡುಗಲಿಲ್ಲ.

ಅಷ್ಟರಲ್ಲಿ ಹಳೆಯ ಕೆಲಸದಾಕೆ ಒಳಗಿನಿಂದ ಬಂದು ನನ್ನ ಕೈ ಹಿಡಿದಳು. "ಈರ್ ಬತ್ತರಾ?" ಎಂದು ತುಳುವಿನಲ್ಲಿ ಕೇಳಿದಳು. ನೀವು ಬಂದಿರಾ, ಅಷ್ಟೇ. ನಾನು ಅಲ್ಲೇ ಕುಸಿದು ಕೂತು ಅತ್ತೆ. ಆಕೆ ತಡೆಯಲಿಲ್ಲ, ಚಹಾ ತರಲು ಒಳಗೆ ಹೋದಳು. ಇನ್ನು ಕನ್ನಡದಲ್ಲಿ ಹೇಳು ಎನ್ನುವವರು ಆ ಕೋಣೆಯಲ್ಲಿ ಇರಲಿಲ್ಲ.