ಅತ್ತೆಯ ಹಲ್ಲು, ಹುಬ್ಬಳ್ಳಿಯ ಹೋಟೆಲುಗಳು

ನಾನು ಸೊಸೆಯಾಗಿ ನವಲಗುಂದಕ್ಕೆ ಬಂದಾಗಲೇ ನನ್ನ ಅತ್ತೆ ಒಂದೇ ಬದಿಯಿಂದ ಅಗಿಯುತ್ತಿದ್ದರು. ಲವಂಗ ಕಚ್ಚಿ ಹಿಡಿಯುವುದು, ಉಪ್ಪುನೀರು ಮುಕ್ಕಳಿಸುವುದು, ಇಷ್ಟರಲ್ಲೇ ವರ್ಷಗಳನ್ನು ದೂಡಿದ್ದರು. ಎಂಬತ್ತರ ದಶಕದ ನಡುವಿನಲ್ಲಿ ಒಂದು ಸಲ ಬಾವು ಗಲ್ಲದಿಂದ ಏರಿ ಕಣ್ಣು ಮುಚ್ಚುವಂತಾಯಿತು. ಆಗ ಮಾವ, "ಹುಬ್ಬಳ್ಳಿಗೆ ಕರಕೊಂಡ ಹೋಗ್ರಿ" ಎಂದರು.

ಅದು ಹತ್ತಿ ಬಿಡಿಸುವ ಕಾಲ. ಗಂಡಸರು ಯಾರೂ ಹೊಲ ಬಿಟ್ಟು ಬರುವಂತಿರಲಿಲ್ಲ. ನನ್ನ ನೆಗೆಣ್ಣಿ, ಅಂದರೆ ಭಾವನ ಹೆಂಡತಿ, ಕೈಕೂಸಿನ ಬಾಣಂತಿ. ನಾನು ಕುಂದಗೋಳದ ತವರಿನಲ್ಲಿ ಮೆಟ್ರಿಕ್ ತನಕ ಓದಿದ್ದೆ. ಬಸ್ಸಿನ ಬೋರ್ಡು ಓದುತ್ತೇನೆ, ಡಾಕ್ಟರ ಮುಂದೆ ಬಾಯಿಬಿಟ್ಟು ಮಾತಾಡುತ್ತೇನೆ ಎಂದು ಆ ಕೆಲಸ ನನ್ನ ಪಾಲಿಗೆ ಬಂತು.

ನಮ್ಮ ಮನೆಯ ಗಂಡಸರಿಗೆ ಹುಬ್ಬಳ್ಳಿ ಹೊಸದಲ್ಲ. ಹತ್ತಿ ಮಾರಲು ಹೋದವರು ಅಲ್ಲಿಯ ಹೋಟೆಲಿನಲ್ಲಿ ಏನೇನು ತಿಂದೆವೆಂದು ಪಡಸಾಲೆಯಲ್ಲಿ ಕೂತು ಹೇಳುತ್ತಿದ್ದರು. ಅಡುಗೆಮನೆಯಲ್ಲಿದ್ದ ನಮಗೆ ಅದು ಕೇಳಿಸುತ್ತಿತ್ತು. ಹೆಂಗಸರು ಹೊರಗೆ ಉಣ್ಣುವ ಪದ್ಧತಿ ಇರಲಿಲ್ಲ. ಹಾಗೆಂದು ಯಾರೂ ಕಟ್ಟಳೆ ಮಾಡಿರಲಿಲ್ಲ, ಅಂಥ ಪ್ರಸಂಗವೇ ಬಂದಿರಲಿಲ್ಲ. ಬೇರೆ ಊರಿಗೆ ಹೋದರೆ ಬುತ್ತಿ ಇರುತ್ತಿತ್ತು, ಇಲ್ಲವೇ ಬೀಗರ ಮನೆ ಇರುತ್ತಿತ್ತು. ಅತ್ತೆ ಬೆಳಗಿನ ಸ್ನಾನ, ಲಿಂಗಪೂಜೆ ಮುಗಿಯದೆ ನೀರೂ ಮುಟ್ಟದವರು. ಯಾರು ಬೇಯಿಸಿದ್ದು, ಯಾವ ಕೈಯದು ಎಂದು ತಿಳಿಯದ ಅನ್ನವನ್ನು ಅವರು ಉಂಡದ್ದೇ ಇಲ್ಲ.

ಮೊದಲ ದಿನವೂ ಬುತ್ತಿ ಕಟ್ಟಿಕೊಂಡೇ ಹೋದೆವು. ರೊಟ್ಟಿ, ಶೇಂಗಾ ಚಟ್ನಿ, ಒಣ ಪಲ್ಲೆ. ಹಲ್ಲಿನ ಡಾಕ್ಟರು ವಯಸ್ಸಾದವರು, ಮಾತು ಕಡಿಮೆ. ಬಾಯಿಗೆ ಬ್ಯಾಟರಿ ಬಿಟ್ಟು ನೋಡಿ, "ಒಂದೂ ಗಟ್ಟಿ ಉಳಿದಿಲ್ಲ. ಅಷ್ಟೂ ತೆಗೀಬೇಕು. ಸಾವಕಾಶ ತೆಗೆಯೂಣು. ಆಮೇಲೆ ಹಲ್ಲಿನ ಸೆಟ್ ಮಾಡೋಣು" ಎಂದರು. ಅವತ್ತು ನೋಯುತ್ತಿದ್ದವನ್ನಷ್ಟೇ ಕಿತ್ತರು. ಅತ್ತೆ ಕುರ್ಚಿಯ ಕೈ ಹಿಡಿದುಕೊಂಡು ಕೂತಿದ್ದರು, ಒಂದು ಸಲವೂ ನರಳಲಿಲ್ಲ. ಹೊರಡುವಾಗ ಡಾಕ್ಟರು ನನ್ನ ಕಡೆ ತಿರುಗಿ, "ಇವತ್ತು ರೊಟ್ಟಿ ಗಿಟ್ಟಿ ಕೊಡಬ್ಯಾಡ್ರಿ. ತಣ್ಣಂದು ಏನಾರ ತಿನ್ನಸ್ರಿ. ಐಸ್‌ಕ್ರೀಮ್ ಚಲೋ, ರಕ್ತ ನಿಲ್ಲತೈತಿ" ಎಂದರು.

ಬೀದಿಗೆ ಬಂದ ಮೇಲೆ ಅತ್ತೆ, ಬಾಯಲ್ಲಿ ಹತ್ತಿ ಇಟ್ಟುಕೊಂಡೇ, "ಅದೇನಂದ್ರು ಅವರು?" ಎಂದು ಕೇಳಿದರು. ಹೇಳಿದೆ.

"ಅದು ಔಷಧಾ ಏನು?"

"ಹಾಲಿಂದು ಇರತೈತ್ರಿ ಅತ್ತಿ. ಬರ್ಫದಾಗ ಇಟ್ಟಿರ್ತಾರ."

ನಾನೂ ಅದನ್ನು ತಿಂದವಳಲ್ಲ. ನನ್ನ ತವರಿನಲ್ಲಿ ಬಣ್ಣದ ಬರ್ಫದ ಕಡ್ಡಿ ಮಾರುವವನು ಬರುತ್ತಿದ್ದ, ಅಷ್ಟೇ. ಸ್ಟೇಷನ್ ರಸ್ತೆಯ ಕಡೆ ಒಂದು ಅಂಗಡಿ ಕಂಡಿತು. ಒಳಗೆ ಕಾಲೇಜಿನ ಹುಡುಗ ಹುಡುಗಿಯರು ಕೂತಿದ್ದರು. ನಮ್ಮ ಇಳಕಲ್ಲ ಸೀರೆ, ತಲೆಯ ಮೇಲಿನ ಸೆರಗು ನೋಡಿ ಅಂಗಡಿಯವನು, "ಫ್ಯಾಮಿಲಿ ರೂಮ್ ಹಿಂದ ಐತ್ರಿ" ಎಂದ. ರೂಮೆಂದರೆ ಹಲಗೆಯ ಗೋಡೆ, ಮುಂದೊಂದು ಮಾಸಿದ ಪರದೆ. ಅದರ ಹಿಂದೆ ಕೂತಾಗ ಅತ್ತೆಗೆ ಸಮಾಧಾನವಾಯಿತು.

ತಂದಿಟ್ಟ ಗಾಜಿನ ಬಟ್ಟಲನ್ನು ಅವರು ಮುಟ್ಟಲಿಲ್ಲ. "ತತ್ತಿ ಹಾಕ್ಯಾರೇನು ಕೇಳು" ಎಂದರು.

ಪರದೆ ಸರಿಸಿ ಕೇಳಿದೆ. "ಇಲ್ಲ್ರಿ, ಬರೇ ಹಾಲು ಸಕ್ಕರಿ" ಎಂದು ಉತ್ತರ ಬಂತು.

ಚಮಚದ ತುದಿಯಷ್ಟು ಬಾಯಿಗಿಟ್ಟುಕೊಂಡು ಅವರು ಕಣ್ಣು ಮುಚ್ಚಿದರು. ನೋವಿಗೋ ಏನೋ ಎಂದು ನಾನು ಗಾಬರಿಯಾದೆ. ಸ್ವಲ್ಪ ಹೊತ್ತಿನ ಮೇಲೆ, "ಆ ಜಾಗಾ ಸುಮ್ಮನಾತು ನೋಡು" ಎಂದು ಬಟ್ಟಲನ್ನು ಹತ್ತಿರ ಎಳೆದುಕೊಂಡರು. ನನ್ನದು ಮುಗಿಯುವ ಮೊದಲೇ ಅವರದು ಮುಗಿದಿತ್ತು. ಬುತ್ತಿಯನ್ನು ಹಾಗೆಯೇ ಮನೆಗೆ ತಂದೆವು.

ಆಮೇಲೆ ಡಾಕ್ಟರು ಕರೆದಾಗಲೆಲ್ಲ ಹೋಗುತ್ತ ಬಂದೆವು. ಪ್ರತಿ ಸಲವೂ ಒಂದಿಷ್ಟು ಹಲ್ಲು ಕೀಳುವುದು, ಗಾಯ ಮಾಯುವ ತನಕ ಕಾಯುವುದು. ಹಲ್ಲು ಕಡಿಮೆಯಾದಂತೆ ಬುತ್ತಿಯ ರೊಟ್ಟಿ ನಿಂತುಹೋಯಿತು. ಮೆತ್ತಗಿರುವುದನ್ನು ಹುಡುಕಿಕೊಂಡು ಉಡುಪಿಯವರ ಹೋಟೆಲಿಗೆ ಹೋದೆವು. ಅಲ್ಲಿಯೂ ಒಂದು ಪರದೆಯ ಕೋಣೆ. ಇಡ್ಲಿಯನ್ನು ಸಾಂಬಾರಿನಲ್ಲಿ ನೆನೆಸಿ ತಿಂದರು. "ಸಾರಿಗೆ ಬೆಲ್ಲಾ ಹಾಕ್ಯಾರ, ಖಾರ ಅನ್ನೂದ ಗೊತ್ತಿಲ್ಲ ಇವರಿಗೆ" ಎಂದರು. ಆದರೂ ಎರಡನೇ ಸಲ ಸಾಂಬಾರು ಹಾಕಿಸಿಕೊಂಡರು.

ಅಲ್ಲಿ ಬಡಿಸುವವನು ಕಡಲ ಕಡೆಯವನು. ಬಂದು, "ಮತ್ತೇನು ಕೊಡಲಿ ಅಮ್ಮ?" ಎಂದು ಕೇಳಿದ. ಅತ್ತೆ ನನ್ನ ಮುಖ ನೋಡಿದರು. ಅವನು ಇನ್ನೊಮ್ಮೆ ಕೇಳಿದ. ಅತ್ತೆ, "ಸಾಕು, ಸಾಕಪ್ಪ" ಎಂದು ಎರಡೂ ಕೈ ಅಡ್ಡ ಹಿಡಿದರು. ತಿಂದಾದ ಮೇಲೆ ತಟ್ಟೆ, ಲೋಟ ಒಂದರ ಮೇಲೊಂದು ಇಟ್ಟುಕೊಂಡು ಎದ್ದು, ತೊಳೆಯುವ ಬಚ್ಚಲು ಎಲ್ಲಿ ಎಂದು ಕೇಳಿದರು. ಅವನು ನಗದೆ, "ಇಡಿ ಅಮ್ಮ, ನಾವು ತೆಗೀತೇವೆ" ಎಂದು ಕೈಯಿಂದ ತೆಗೆದುಕೊಂಡ. ಬಸ್ಸಿನಲ್ಲಿ ಕುಸುಗಲ್ಲು ದಾಟಿದ ಮೇಲೆ ಅವರು, "ನಮ್ಮ ಎಂಜಲ ಎತ್ತಿದ ಆ ಮನಶ್ಯಾಗ ನಾವು ಏನೂ ಅನ್ನಲಿಲ್ಲ" ಎಂದರು. ಏನು ಅನ್ನಬೇಕಾಗಿತ್ತೋ ನನಗೂ ಗೊತ್ತಿರಲಿಲ್ಲ.

ಮತ್ತೊಂದು ಸಲ ಡಾಕ್ಟರ ಹತ್ತಿರ ತಡವಾಯಿತು. ಹೊರಗೆ ಬರುವಷ್ಟರಲ್ಲಿ ಅತ್ತೆಗೆ ತಲೆಸುತ್ತು. ಹತ್ತಿರದಲ್ಲಿದ್ದದ್ದು ಒಂದು ಚಹದ ಅಂಗಡಿ. ಒಳಗೆ ಕಲ್ಲಿನ ಹಾಸಿನ ಮೇಜುಗಳು, ಗೋಡೆಗೆ ಉರ್ದು ಅಕ್ಷರದ ಕ್ಯಾಲೆಂಡರು. ನಾನು ಬಾಗಿಲಲ್ಲೇ ನಿಂತೆ. ಅಲ್ಲಿ ಪರದೆಯೂ ಇರಲಿಲ್ಲ. ದುಡ್ಡಿನ ಗಲ್ಲೆಯ ಮೇಲೆ ಕೂತಿದ್ದ ಗಡ್ಡದ ಮುದುಕರು ಅತ್ತೆಯ ಗಲ್ಲದ ಬಾವು ನೋಡಿ, "ಒಳಗ ಕೂಡ್ರಿಸವಾ ಅವರನ್ನ, ಬಿಸಿಲಾಗ ಯಾಕ ನಿಲ್ಲಸೀ" ಎಂದು ತಾವೇ ಎದ್ದು ಗೋಡೆಯ ಕಡೆಯ ಮೇಜು ಒರೆಸಿದರು.

"ಹೋಗೂಣೇನ್ರಿ ಅತ್ತಿ?" ಎಂದೆ.

"ಬೀಳೂಕಿಂತಾ ಕೂಡೂದ ಚಲೋ" ಎಂದು ಅವರು ಒಳಗೆ ನಡೆದರು.

ಚಹ ಗಟ್ಟಿಯಾಗಿತ್ತು, ಏಲಕ್ಕಿ ಹಾಕಿದ್ದರು. ಜತೆಗೊಂದು ಬನ್ನು ಬಂತು. ಅತ್ತೆ ಅದನ್ನು ಸ್ವಲ್ಪ ಹೊತ್ತು ನೋಡಿದರು. ನಂತರ ಚೂರು ಚೂರು ಮುರಿದು, ಚಹದಲ್ಲಿ ಅದ್ದಿ, ಒಸಡಿನಿಂದ ಒತ್ತಿ ನುಂಗಿದರು. ಆ ಹೋಟೆಲಿನಲ್ಲಿ ನಮ್ಮನ್ನು ಬಿಟ್ಟರೆ ಎಲ್ಲರೂ ಗಂಡಸರೇ. ಅವರು ಯಾರೂ ನಮ್ಮ ಕಡೆ ನೋಡಲಿಲ್ಲ. ಹೊರಗೆ ಬಂದ ಮೇಲೆ ಅತ್ತೆ, "ಚಾ ಮಾಡೂದು ಅವರ ಕಡೆ ಕಲೀಬೇಕು" ಎಂದರು. ಮನೆಯಲ್ಲಿ ಹೇಳಬೇಡ ಎಂದು ಹೇಳುತ್ತಾರೇನೋ ಎಂದು ನಾನು ಕಾದೆ. ಹೇಳಲಿಲ್ಲ. ಮನೆಯಲ್ಲಿಯೂ ಯಾರೂ ನಮ್ಮನ್ನು, ನೀವು ಏನು ಉಂಡಿರಿ ಎಂದು ಕೇಳಲಿಲ್ಲ. ಹಲ್ಲು ಏನಾಯಿತು ಎಂದಷ್ಟೇ ಕೇಳುತ್ತಿದ್ದರು.

ಪೂರ್ತಿ ಬೋಳಾದ ಬಾಯಿಯಲ್ಲಿ ಅವರು ತಿಂಗಳುಗಟ್ಟಲೆ ಕಳೆದರು. ಮನೆಯಲ್ಲಿ ರೊಟ್ಟಿಯನ್ನು ಹಾಲಲ್ಲಿ ನೆನೆಸಿ ಉಣ್ಣುತ್ತಿದ್ದರು. ಮಾತು ತೊದಲುತ್ತಿತ್ತು, ಮೊಮ್ಮಕ್ಕಳು ನಗುತ್ತಿದ್ದರು, ಅವರೂ ನಗುತ್ತಿದ್ದರು. ಆ ಕಾಲದಲ್ಲಿಯೂ ಅಳತೆಗೆ, ಮೇಣದ ಅಚ್ಚಿಗೆ ಎಂದು ಹುಬ್ಬಳ್ಳಿಗೆ ಹೋಗುವುದಿತ್ತು. ಈಗ ಬಸ್ ಇಳಿದ ಕೂಡಲೇ, ಇವತ್ತು ಎಲ್ಲಿಗೆ ಹೋಗೋಣ ಎಂದು ಅವರೇ ಕೇಳುತ್ತಿದ್ದರು. ದುರ್ಗದಬೈಲಿನ ಗಾಡಿಯವನು ಮಿರ್ಚಿ ಕರಿಯುವುದನ್ನು ನಿಂತು ನೋಡಿದೆವು. ಅವರು ಅದನ್ನು ತಿನ್ನುವಂತಿರಲಿಲ್ಲ. ನನಗೆ ಕೊಡಿಸಿ, "ಹೆಂಗೈತಿ?" ಎಂದು ಕೇಳಿದರು. ಖಾರಕ್ಕೆ ನನ್ನ ಕಣ್ಣಲ್ಲಿ ನೀರು ಬಂದದ್ದು ನೋಡಿ, "ಹಂಗಾದ್ರ ಚಲೋ ಐತಿ" ಎಂದರು.

ಕೊನೆಗೆ ಹಲ್ಲಿನ ಸೆಟ್ ಕೈಗೆ ಬಂತು. ಡಾಕ್ಟರು ಕನ್ನಡಿ ಹಿಡಿದು ತೋರಿಸಿ, "ಒಂದು ವಾರ ಮೆತ್ತಂದು ತಿನ್ರಿ, ರೂಢಿ ಆದ ಮ್ಯಾಲೆ ಬಾಕಿದ್ದು" ಎಂದರು. ಅತ್ತೆ ತಲೆಯಾಡಿಸಿದರು. ಮೆಟ್ಟಿಲು ಇಳಿಯುತ್ತಲೇ, "ಇಲ್ಲೆ ರೊಟ್ಟಿ ಎಲ್ಲಿ ಸಿಗತೈತಿ ಕೇಳು" ಎಂದರು.

"ಡಾಕ್ಟರು ಬ್ಯಾಡ ಅಂದಾರ್ರಿ."

"ರೊಟ್ಟಿ ತಿನ್ನಾಕ ಅಲ್ಲೇನು ಹಲ್ಲು ಕಟ್ಟಿಸಿದ್ದು? ಇಡ್ಲಿಗೆ ಹಲ್ಲು ಯಾಕ ಬೇಕು?"

ಒಂದು ಓಣಿಯಲ್ಲಿ ಖಾನಾವಳಿ ಸಿಕ್ಕಿತು. ಹಳೆಯ ಮನೆಯ ಪಡಸಾಲೆಯಲ್ಲೇ ಮೇಜು ಹಾಕಿದ್ದರು. ಪೇಟೆಗೆ ಬಂದ ರೈತರು, ಆಫೀಸಿನ ಗುಮಾಸ್ತರು, ಎಲ್ಲರೂ ತಗ್ಗಿಸಿದ ತಲೆ ಎತ್ತದೆ ಉಣ್ಣುತ್ತಿದ್ದರು. ಒಳಗಿಂದ ರೊಟ್ಟಿ ಬಡಿಯುವ ಸಪ್ಪಳ ಬರುತ್ತಿತ್ತು. ತಟ್ಟೆಯಲ್ಲಿ ಎಣ್ಣೆಗಾಯಿ ಬದನೆಕಾಯಿ, ಹೆಸರುಕಾಳಿನ ಪಲ್ಲೆ, ಗುರೆಳ್ಳು ಚಟ್ನಿ, ಮೊಸರು. ಬಡಿಸುವವನು ಹಂಚಿನ ಮೇಲಿಂದ ತೆಗೆದ ರೊಟ್ಟಿಯನ್ನು ನೇರ ತಂದು ಅತ್ತೆಯ ತಟ್ಟೆಗೆ ಹಾಕಿದ. ಅದು ಇನ್ನೂ ಉಬ್ಬಿಕೊಂಡಿತ್ತು. ಮುರಿದಾಗ ಒಳಗಿನ ಹಬೆ ಬೆರಳಿಗೆ ತಾಗಿ ಅವರು ಕೈ ಹಿಂದೆಗೆದರು.

ಮೊದಲ ತುತ್ತನ್ನು ಬಹಳ ಹೊತ್ತು ಅಗಿದರು. ಹೊಸ ಹಲ್ಲು ಒತ್ತುತ್ತಿತ್ತು ಎಂದು ಕಾಣುತ್ತಿತ್ತು. ನಾನು ನೀರಿನ ಲೋಟ ಮುಂದಿಟ್ಟೆ. ಅವರು ಮುಟ್ಟಲಿಲ್ಲ.

"ತಂಗಿ," ಎಂದರು, "ರೊಟ್ಟಿ ಬಿಸೀದು ಇದ್ದಾಗ ಸೀ ಇರತೈತಿ."

ನಮ್ಮ ಮನೆಗೆ ಅವರು ಹನ್ನೆರಡನೆಯ ವಯಸ್ಸಿಗೆ ಸೊಸೆಯಾಗಿ ಬಂದವರು. ಅಂದಿನಿಂದ ದಿನವೂ ಒಲೆಯ ಮುಂದೆ ಕೂತು ರೊಟ್ಟಿ ಬಡಿದವರು. ನಮ್ಮಲ್ಲಿ ಮೊದಲು ಗಂಡಸರು, ಆಮೇಲೆ ಮಕ್ಕಳು, ಆಮೇಲೆ ಹೊಲದ ಆಳುಗಳಿಗೆ ಬುತ್ತಿ. ಎಲ್ಲ ಮುಗಿದ ಮೇಲೆ ಬುಟ್ಟಿಯಲ್ಲಿ ಉಳಿದದ್ದನ್ನು ಹೆಂಗಸರು ಹಂಚಿಕೊಂಡು ಉಣ್ಣುವುದು. ಅಷ್ಟೊತ್ತಿಗೆ ಒಲೆ ಆರಿರುತ್ತಿತ್ತು. ನಾನೂ ಬಿಸಿ ರೊಟ್ಟಿ ಉಂಡದ್ದು ತವರಿನಲ್ಲಿ, ಅದೂ ಮದುವೆಗೆ ಮುಂಚೆ.

ಉಂಡಾದ ಮೇಲೆ ಅತ್ತೆ ಕೈ ತೊಳೆಯಲು ಹೋದವರು ಬೇಗ ಬರಲಿಲ್ಲ. ನೋಡಿದರೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಒಳಗೆ ಇಬ್ಬರು ಹೆಂಗಸರು ಬೆವರು ಒರೆಸಿಕೊಳ್ಳುತ್ತ ಬಡಿಯುತ್ತಿದ್ದರು.

"ರೊಟ್ಟಿ ಚಲೋ ಆಗ್ಯಾವು. ನೀವು ಯಾವಾಗ ಉಣ್ಣೂದು?" ಎಂದು ಅತ್ತೆ ಕೇಳುತ್ತಿದ್ದರು.

ಒಬ್ಬಾಕೆ ಕೈ ನಿಲ್ಲಿಸದೆ, "ಮಂದಿ ಎಲ್ಲಾ ಉಂಡ ಹೋಗಬೇಕಲ್ರಿ. ಉಳಿದರ ಅದನ್ನ, ಇಲ್ಲಂದ್ರ ಅನ್ನ" ಎಂದಳು.

"ಬಿಸೀದೊಂದು ಬಾಯಾಗ ಹಾಕ್ಕೊಂಡಿರೇನು?"

"ಎಲ್ಲೀದ್ರಿ ಯವ್ವಾ" ಎಂದಳು ಇನ್ನೊಬ್ಬಾಕೆ, ಬೇಸರದಿಂದಲ್ಲ, ಸುಮ್ಮನೆ.

ಅವತ್ತು ಬಸ್ಸಿನಲ್ಲಿ ನವಲಗುಂದ ಬರುವ ತನಕ ಅತ್ತೆ ಗಲ್ಲಕ್ಕೆ ಸೆರಗು ಒತ್ತಿಕೊಂಡು ಕಿಟಕಿಯ ಹೊರಗೇ ನೋಡುತ್ತಿದ್ದರು. ಹೊಸ ಹಲ್ಲು ನೋಯುತ್ತಿರಬೇಕು ಎಂದುಕೊಂಡೆ.

ಕೆಲವು ದಿನ ಏನೂ ಆಗಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ಮಾವ, ಭಾವ, ನನ್ನ ಗಂಡ ಉಣ್ಣಲು ಕೂತಾಗ ಅತ್ತೆ ಒಲೆಯ ಮುಂದಿನಿಂದ ಎದ್ದರು. ಕೈಯ ಹಿಟ್ಟು ತೊಳೆದುಕೊಂಡು, ತಮ್ಮ ತಟ್ಟೆ ತಂದು ಮಾವನ ಎದುರಿನ ಗೋಡೆಯ ಹತ್ತಿರ ಇಟ್ಟುಕೊಂಡು ಕೂತರು. ನೆಗೆಣ್ಣಿ ಒಲೆಗೆ ಹೋದಳು. ನಾನು ಬಡಿಸುತ್ತಿದ್ದೆ. ರೊಟ್ಟಿ ಮೊದಲು ಯಾರ ತಟ್ಟೆಗೆ ಹಾಕಬೇಕೆಂದು ತಿಳಿಯದೆ ನಿಂತೆ.

ಮಾವ ತಟ್ಟೆಯಿಂದ ತಲೆ ಎತ್ತಿ, "ಇದೇನ ಇದು?" ಎಂದರು.

"ಹಲ್ಲು ಹೊಸಾವು. ಆರಿದ ರೊಟ್ಟಿ ಕಡೀಲಿಕ್ಕೆ ಬರೂದಿಲ್ಲ" ಎಂದರು ಅತ್ತೆ.

ಮಾವ ಅವರನ್ನು ನೋಡಿದರು, ತಟ್ಟೆಯನ್ನು ನೋಡಿದರು. ಹಲ್ಲಿಗಾಗಿ ಅವರೇ ಖರ್ಚು ಮಾಡಿದ್ದರು, ಆ ಮಾತಿಗೆ ಎದುರು ಹೇಳುವಂತಿರಲಿಲ್ಲ. "ಹಾಕು ಆಕಿಗೆ" ಎಂದು ನನಗೆ ಹೇಳಿ ಉಣ್ಣತೊಡಗಿದರು. ನನ್ನ ಗಂಡ ಬಾಗಿ ಪಲ್ಲೆಯನ್ನೇ ನೋಡುತ್ತಿದ್ದ.

ಇದರಿಂದ ನಮಗೆ ಸುಖವಾಯಿತು ಎಂದು ಹೇಳಲಾರೆ. ಅತ್ತೆ ಎದ್ದುದರಿಂದ ರೊಟ್ಟಿಯ ಭಾರ ನೆಗೆಣ್ಣಿಯ ಮೇಲೆ ಬಿತ್ತು. "ತಾವು ರಾಣಿ ಹಂಗ ಕೂತಾರ, ನನ್ನ ಬೆನ್ನ ಮುರೀತು" ಎಂದು ಅವಳು ನನ್ನ ಹತ್ತಿರ ಗೊಣಗಿದಳು. ಅದು ಅತ್ತೆಯ ಕಿವಿಗೆ ಬಿದ್ದಿತೋ, ಅವರೇ ಮೊದಲೇ ಯೋಚಿಸಿದ್ದರೋ ನನಗೆ ತಿಳಿಯದು. ಕೆಲವು ದಿನ ಕಳೆದ ಮೇಲೆ ಅವರು ತಮ್ಮ ಊಟ ಮುಗಿಸಿ ಮತ್ತೆ ಒಲೆಯ ಮುಂದೆ ಬಂದು ಕೂತರು. ನೆಗೆಣ್ಣಿಯನ್ನು ಎಬ್ಬಿಸಿ, "ಇಬ್ಬರೂ ನಿಮ್ಮ ತಟ್ಟಿ ತಗೊಳ್ರಿ" ಎಂದರು. ಇನ್ನೊಂದು ಕಟ್ಟಿಗೆ ಒಳಗೆ ಸರಿಸಿ, ಹಿಟ್ಟು ನಾದಿ, ಬಡಿಯತೊಡಗಿದರು.

ಅಲ್ಲೇ ಅಡುಗೆಮನೆಯಲ್ಲಿ ಗೋಡೆಗೆ ಆತು ಕೂತೆವು. ಹಂಚಿನಿಂದ ತೆಗೆದ ರೊಟ್ಟಿಯನ್ನು ಅವರು ಕೂತಲ್ಲಿಂದಲೇ ನನ್ನ ತಟ್ಟೆಗೆ ಎಸೆದರು. ಅತ್ತೆ ಮಾಡಿ ಹಾಕುವುದು, ಸೊಸೆ ಕೂತು ಉಣ್ಣುವುದು ನನಗೆ ಮುಜುಗರವೆನಿಸಿತು. ಬೇಗ ಬೇಗ ಉಂಡು ಏಳಲು ಹೋದೆ.

"ಮತ್ತೇನ ಬೇಕು?" ಎಂದರು ಅವರು, ಹಂಚಿನಿಂದ ಕಣ್ಣು ತೆಗೆಯದೆ.

"ಸಾಕ್ರಿ ಅತ್ತಿ."

"ಇನ್ನೊಂದ ತಿನ್ನು. ಹಂಚು ಕಾದೈತಿ."

ಹಾಗೆ ಪದ್ಧತಿ ಬದಲಾಯಿತು, ಅರ್ಧಮರ್ಧ. ಬೀಗರು ಬಂದ ದಿನ, ಹಬ್ಬದ ದಿನ, ಮಠದ ಅಯ್ಯನವರು ಊಟಕ್ಕೆ ಬಂದ ದಿನ ಹಳೆಯದೇ ನಡೆಯುತ್ತಿತ್ತು. ಆಗ ಅತ್ತೆ ತಕರಾರು ಮಾಡುತ್ತಿರಲಿಲ್ಲ, ಎಲ್ಲರಿಗಿಂತ ಕಡೆಗೇ ಉಣ್ಣುತ್ತಿದ್ದರು. ಹಲ್ಲಿನ ಕೆಲಸ ಮುಗಿದ ಮೇಲೆ ಹುಬ್ಬಳ್ಳಿಗೆ ಹೋಗುವುದು ತಾನಾಗಿ ನಿಂತಿತು. ಸೀರೆ ತರಲು ಒಂದೆರಡು ಸಲ ಹೋದಾಗ ಗಂಡಸರು ಜತೆಗಿದ್ದರು. ಅವರು ಕರೆದುಕೊಂಡು ಹೋದ ಹೋಟೆಲಿನಲ್ಲಿ, ಅವರು ತರಿಸಿಕೊಟ್ಟದ್ದನ್ನು ತಿಂದು ಬಂದೆವು.

ನೆಗೆಣ್ಣಿ ಮಾತ್ರ ಆ ಹೊಸ ಕ್ರಮಕ್ಕೆ ಒಗ್ಗಲಿಲ್ಲ. ಅತ್ತೆ ಕರೆದರೆ ತಟ್ಟೆ ಹಿಡಿದು ಕೂರುತ್ತಿದ್ದಳು, ರೊಟ್ಟಿಯನ್ನು ಮುರಿಯದೆ ಪಕ್ಕಕ್ಕಿಟ್ಟು ಕೂಸಿಗೆ ಮೊಲೆ ಕೊಡುತ್ತಲೋ, ಹಿರಿಯ ಹುಡುಗನಿಗೆ ತುತ್ತು ಕೊಡುತ್ತಲೋ ಹೊತ್ತು ಕಳೆಯುತ್ತಿದ್ದಳು. ಒಮ್ಮೆ ಕೇಳಿದೆ. "ನನಗ ಆರಿದ್ದ ಸೇರತೈತಿ" ಎಂದಳು. ಅದು ನಿಜವೋ, ಅತ್ತೆಯ ಮೇಲಿನ ಸಿಟ್ಟೋ ನನಗೆ ಕಡೆಯವರೆಗೂ ಗೊತ್ತಾಗಲಿಲ್ಲ.